ಎರಡು ಪೌಂಡಿನ ಆಟ, ತೂಗುವ ಹೊರೆ

ಗಡಿನಾಡಿನ ಪುಟ ಅಂದರೆ ಮುಚ್ಚುವ ಹಂತಕ್ಕೆ ಬಂದ ಕನ್ನಡ ಶಾಲೆ, ಹೇಮಾವತಿಯ ನೊಳಂಬರ ಕಾಲದ ಗುಡಿ, ಬತ್ತಿದ ಕೆರೆ, ಕನ್ನಡವಿಲ್ಲದ ಬಸ್ಸಿನ ಬೋರ್ಡು, ಇಂಥ ವಿಷಯಗಳಿಗೇ ಮೀಸಲು ಎಂದು ಓದುಗರು ತಿಳಿದಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸಲ ಮಡಕಶಿರಾ ಸೀಮೆಯ ಒಬ್ಬ ರೈತ ಇಂಗ್ಲೆಂಡಿನ ಹಳೆಯ ಕಂಪ್ಯೂಟರ್ ಆಟವೊಂದರ ಬಗ್ಗೆ ಬರೆಯುತ್ತಿದ್ದಾನೆ. ಶೇಂಗಾ ಬೆಳೆಯುವವನಿಗೆ ಕಂಪ್ಯೂಟರ್ ಆಟದ ಉಸಾಬರಿ ಯಾಕೆ ಎಂದು ಕೇಳುವವರು ಕೇಳಲಿ. ಕೊನೆಯವರೆಗೆ ಓದಿದ ಮೇಲೆ, ಈ ಮಾತಿಗೂ ನಮ್ಮ ಗಡಿಯ ಮಕ್ಕಳಿಗೂ ಇರುವ ನಂಟು ಅವರಿಗೇ ಕಾಣುತ್ತದೆ.

ಆಟದ ಹೆಸರು ‘ಥ್ರಸ್ಟ್’. ಕನ್ನಡದಲ್ಲಿ ಹೇಳುವುದಾದರೆ ನೂಕುಬಲ. ಹುಟ್ಟಿದ್ದು 1986ರಲ್ಲಿ. ಬರೆದವರು ಜೆರೆಮಿ ಸ್ಮಿತ್ ಎಂಬ ಇಂಗ್ಲಿಷ್ ತರುಣ. ಮನೆಯ ಟೀವಿಗೆ ತಂತಿ ಸಿಕ್ಕಿಸಿ ಆಡುವ ಕಂಪ್ಯೂಟರುಗಳ ಕಾಲ ಅದು. ಆಟಗಳು ಬರುತ್ತಿದ್ದುದು ನಾವು ಹಾಡು ಕೇಳುತ್ತಿದ್ದಂಥ ಟೇಪಿನ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದರೆ ಕಂಪ್ಯೂಟರ್ ಅದರ ಕಿರುಚಾಟವನ್ನು ಕೇಳಿಸಿಕೊಂಡು, ಕೆಲವು ನಿಮಿಷಗಳ ನಂತರ ಆಟವನ್ನು ಪರದೆಯ ಮೇಲೆ ತರುತ್ತಿತ್ತು. ಕ್ಯಾಸೆಟ್ಟು ತೇವ ತಾಗಿದ್ದರೋ ಟೇಪು ಸುಕ್ಕಾಗಿದ್ದರೋ ಮತ್ತೆ ಮೊದಲಿಂದ ಶುರು.

ಮಕ್ಕಳ ಕೈಗಾಸಿನ ಸಂತೆ

ಆ ಕಾಲದ ಇಂಗ್ಲೆಂಡಿನಲ್ಲಿ ಮನೆ ಕಂಪ್ಯೂಟರುಗಳು ಒಂದರ ಹಿಂದೆ ಒಂದರಂತೆ ಬಂದವು. ಬಿಬಿಸಿ ಮೈಕ್ರೋ 1981ರ ಕೊನೆಗೆ ಬಂತು. 1982ರಲ್ಲಿ ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ ಬಂತು. ಅದರ 48 ಕಿಲೋಬೈಟ್ ಮಾದರಿಗೆ 175 ಪೌಂಡ್ ಬೆಲೆ. ಅದೇ ವರ್ಷ ಅಮೆರಿಕದ ಕಮೊಡೋರ್ 64 ಹೊರಬಂತು. ಯಂತ್ರವನ್ನೇನೋ ಅಪ್ಪ ಅಮ್ಮ ಹಬ್ಬಕ್ಕೆ ಕೊಡಿಸಿಬಿಡುತ್ತಿದ್ದರು. ಆದರೆ ಎತ್ತು ಕೊಂಡ ಮೇಲೆ ಮೇವೂ ಬೇಕಲ್ಲ! ಒಂದು ಆಟದ ಕ್ಯಾಸೆಟ್ಟಿಗೆ ಆರರಿಂದ ಹತ್ತು ಪೌಂಡ್ ತೆರಬೇಕಿತ್ತು. ಶಾಲೆಗೆ ಹೋಗುವ ಹುಡುಗನಿಗೆ ಅಷ್ಟು ಹಣ ಎಲ್ಲಿಂದ ಬರಬೇಕು? ಗೆಳೆಯನ ಕ್ಯಾಸೆಟ್ಟು ತಂದು ಎರಡು ಟೇಪ್ ರೆಕಾರ್ಡರ್ ಇಟ್ಟು ನಕಲು ಮಾಡಿಕೊಳ್ಳುವುದೇ ದಾರಿಯಾಯಿತು. ನಕಲು ಮಾಡಬೇಡಿ ಎಂದು ಕಂಪನಿಗಳು ಎಷ್ಟು ಬಾಯಿ ಬಡಿದುಕೊಂಡರೂ ಅದು ನಿಲ್ಲಲಿಲ್ಲ.

ಆಗ ಕೆಲವರು ಬೇರೆ ಲೆಕ್ಕ ಹಾಕಿದರು. 1983ರಲ್ಲಿ ಶುರುವಾದ ಮಾಸ್ಟರ್‌ಟ್ರಾನಿಕ್ ಎಂಬ ಕಂಪನಿ ಒಂದು ಪೌಂಡ್ ತೊಂಬತ್ತೊಂಬತ್ತು ಪೆನ್ಸಿಗೆ, ಅಂದರೆ ಎರಡು ಪೌಂಡಿಗೆ ಒಂದು ಪೆನ್ನಿ ಕಡಿಮೆಗೆ, ಆಟದ ಕ್ಯಾಸೆಟ್ಟು ಮಾರಲು ಹೊರಟಿತು. ಮಾರಿದ್ದು ಬರೀ ಕಂಪ್ಯೂಟರ್ ಅಂಗಡಿಗಳಲ್ಲಲ್ಲ; ಪೇಪರು, ಬೀಡಿ ಸಿಗರೇಟು, ಮಿಠಾಯಿ ಮಾರುವ ಅಂಗಡಿಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ. ತಿರುಗುವ ಕಬ್ಬಿಣದ ಸ್ಟ್ಯಾಂಡಿಗೆ ಜಾತ್ರೆಯ ಬಳೆಗಳಂತೆ ಕ್ಯಾಸೆಟ್ಟುಗಳನ್ನು ಸಿಕ್ಕಿಸಿದ್ದರು. ನಕಲು ಮಾಡುವ ತಾಪತ್ರಯಕ್ಕಿಂತ ಕೊಳ್ಳುವುದೇ ಸುಲಭ ಅನ್ನಿಸುವಂಥ ಬೆಲೆ. 1984ರಲ್ಲಿ ಬ್ರಿಟಿಷ್ ಟೆಲಿಕಾಂ, ಅಂದರೆ ಅಲ್ಲಿನ ಟೆಲಿಫೋನ್ ಕಂಪನಿ, ‘ಫೈರ್‌ಬರ್ಡ್’ ಎಂಬ ಹೆಸರಿನಲ್ಲಿ ಇದೇ ವ್ಯಾಪಾರಕ್ಕೆ ಇಳಿಯಿತು. 1986ರಲ್ಲಿ ಡಾರ್ಲಿಂಗ್ ಸೋದರರು ಕೋಡ್‌ಮಾಸ್ಟರ್ಸ್ ಕಟ್ಟಿದರು. ಹೀಗೆ ‘ಬಜೆಟ್ ಆಟ’ ಎಂಬ ಒಂದು ಜಾತಿಯೇ ಹುಟ್ಟಿಕೊಂಡಿತು.

ಅಗ್ಗದ್ದು ಅಂದ ಮೇಲೆ ತಾತ್ಸಾರ ಇದ್ದದ್ದೇ. ದೊಡ್ಡ ಆಟಗಳ ಅವಸರದ ಅನುಕರಣೆಗಳೂ, ಎರಡು ದಿನ ಆಡಿ ಎಸೆಯುವಂಥವೂ ಅವುಗಳಲ್ಲಿ ಬೇಕಾದಷ್ಟು ಇದ್ದವು. ಆದರೆ ನಮ್ಮ ತೆಲುಗಿನವರು ‘ಪಿಟ್ಟ ಕೊಂಚೆಂ, ಕೂತ ಘನಂ’ ಅಂತಾರೆ. ಹಕ್ಕಿ ಚಿಕ್ಕದು, ಕೂಗು ದೊಡ್ಡದು. ಕನ್ನಡದವರು ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಅನ್ನುತ್ತೇವೆ. ಈ ಎರಡು ಗಾದೆಗೂ ಸಲ್ಲುವ ಆಟ ಥ್ರಸ್ಟ್. ಮೊದಲು ಬಿಬಿಸಿ ಮೈಕ್ರೋ ಯಂತ್ರಕ್ಕಾಗಿ ಲೀಡ್ಸ್ ನಗರದ ಸುಪೀರಿಯರ್ ಸಾಫ್ಟ್‌ವೇರ್ ಅದನ್ನು ಹೊರತಂದಿತು. ಅದೇ ವರ್ಷ ಫೈರ್‌ಬರ್ಡ್ ಅದನ್ನು ಕಮೊಡೋರ್ 64ಕ್ಕೆ ತಂದು 1.99 ಪೌಂಡಿಗೆ ಮಾರಿತು. ಆಗಿನ ನಮ್ಮ ರೂಪಾಯಿ ಲೆಕ್ಕದಲ್ಲಿ ನಲವತ್ತು ರೂಪಾಯಿಯ ಒಳಗೇ ಆಯಿತು.

ಆಟ ಇರುವುದು ಹೀಗೆ

ಕಥೆ ಬಹಳ ಸಣ್ಣದು. ಆಕಾಶದಾಚೆ ಒಂದು ಸಾಮ್ರಾಜ್ಯ. ಅದರ ವಿರುದ್ಧ ದಂಗೆ ಎದ್ದ ಒಂದು ಗುಂಪು. ದಂಗೆಯವರು ಶತ್ರುವಿನ ಯುದ್ಧನೌಕೆಗಳನ್ನೇನೋ ಹಿಡಿದಿದ್ದಾರೆ, ಆದರೆ ಅವನ್ನು ಓಡಿಸುವ ಶಕ್ತಿಯ ಗೋಲಗಳು ಅವರ ಬಳಿ ಇಲ್ಲ. ಕ್ಲೈಸ್ಟ್ರಾನ್ ಗೋಲ ಎಂದು ಅದರ ಹೆಸರು. ಸಾಮ್ರಾಜ್ಯದವರು ಅವನ್ನು ಗ್ರಹಗಳ ನೆಲದೊಳಗೆ ಬಚ್ಚಿಟ್ಟಿದ್ದಾರೆ. ಪುಟ್ಟ ಹಡಗಿನಲ್ಲಿ ಹೋಗಿ ಒಂದೊಂದನ್ನೇ ಎತ್ತಿಕೊಂಡು ಬರಬೇಕು. ಅಷ್ಟೇ ಕಥೆ.

ಪರದೆಯ ಮೇಲೆ ಹಡಗು ಒಂದು ಸಣ್ಣ ತ್ರಿಕೋನದಂತೆ ಕಾಣುತ್ತದೆ. ನೆಲ, ಗುಹೆ, ಗುಂಡಿ ಎಲ್ಲವೂ ಗೆರೆಗಳು. ಆಡುವುದಕ್ಕೆ ಐದೇ ಗುಂಡಿ. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಎಂಜಿನ್ ಉರಿಸು, ಗುಂಡು ಹೊಡೆ. ಐದನೆಯದು ಎರಡು ಕೆಲಸ ಮಾಡುತ್ತದೆ: ಹಡಗಿನ ಸುತ್ತ ಗುರಾಣಿ ಕಟ್ಟುತ್ತದೆ, ಜೊತೆಗೆ ಕೆಳಗಿರುವ ವಸ್ತುವನ್ನು ಸೆಳೆಯುತ್ತದೆ. ಎಂಜಿನ್ ಉರಿಸಿದರೆ ಇಂಧನ ಕರಗುತ್ತದೆ. ಗುರಾಣಿ ಹಿಡಿದರೂ ಕರಗುತ್ತದೆ. ನೆಲದ ಮೇಲೆ ಅಲ್ಲಲ್ಲಿ ಇಂಧನದ ಪೆಟ್ಟಿಗೆಗಳಿವೆ. ಅವುಗಳ ಮೇಲೆ ಹಡಗನ್ನು ಅಲುಗದಂತೆ ನಿಲ್ಲಿಸಿ ಹೀರಿಕೊಳ್ಳಬೇಕು. ಇಂಧನ ಮುಗಿದರೆ ಆಟವೂ ಮುಗಿಯಿತು.

ಇಳಿಜಾರುಗಳಿಗೆ ಉಣ್ಣೆಯಂತೆ ಕಚ್ಚಿಕೊಂಡ ತುಪಾಕಿಗಳು ಹಡಗಿನತ್ತ ಗುಂಡು ಹಾರಿಸುತ್ತವೆ. ಅವೆಲ್ಲಕ್ಕೂ ಶಕ್ತಿ ಕೊಡುವ ಒಂದು ಅಣುಸ್ಥಾವರ ಅಲ್ಲೇ ಇದೆ. ಅದಕ್ಕೆ ಗುಂಡು ಹೊಡೆದರೆ ತುಪಾಕಿಗಳು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಳ್ಳುತ್ತವೆ. ಅತಿಯಾಗಿ ಹೊಡೆದಿರೋ, ಸ್ಥಾವರ ಸಿಡಿಯಲು ಸಿದ್ಧವಾಗುತ್ತದೆ. ಹತ್ತರಿಂದ ಕೆಳಕ್ಕೆ ಎಣಿಕೆ ಶುರು. ಎಣಿಕೆ ಮುಗಿಯುವುದರೊಳಗೆ ಆಕಾಶಕ್ಕೆ ಹಾರದಿದ್ದರೆ ಗ್ರಹದ ಜೊತೆ ನಿಮ್ಮ ಹಡಗೂ ಬೂದಿ. ಗೋಲ ಎತ್ತಿಕೊಂಡೇ ಓಡಬೇಕೋ, ಪ್ರಾಣ ಉಳಿದರೆ ಸಾಕು ಎಂದು ಬರಿಗೈಲಿ ಓಡಬೇಕೋ ಎಂಬುದನ್ನು ಆ ಹತ್ತು ಎಣಿಸುವುದರೊಳಗೇ ತೀರ್ಮಾನಿಸಬೇಕು.

ಇಂಥ ಗ್ರಹಗಳು ಆರು. ಮುಂದಿನವುಗಳಲ್ಲಿ ಗುಹೆ ಇಕ್ಕಟ್ಟಾಗುತ್ತ ಹೋಗುತ್ತದೆ, ಗುಂಡು ಹೊಡೆದು ತೆರೆಯಬೇಕಾದ ಬಾಗಿಲುಗಳೂ ಬರುತ್ತವೆ. ಆರೂ ಮುಗಿಸಿದವನಿಗೆ ಅದೇ ಗ್ರಹಗಳು ತಿರುಗಿ ಬರುತ್ತವೆ. ಆದರೆ ಗುರುತ್ವ ತಲೆಕೆಳಗು, ನೆಲ ಹಡಗನ್ನು ಸೆಳೆಯುವ ಬದಲು ಮೇಲಕ್ಕೆ ನೂಕುತ್ತದೆ. ಮತ್ತೊಂದು ಸುತ್ತಿನಲ್ಲಿ ನೆಲವೇ ಕಾಣದಂತಾಗುತ್ತದೆ. ಕತ್ತಲಲ್ಲಿ ನಡೆದು ಬಲ್ಲ ದಾರಿಯನ್ನು ಕಾಲೇ ನೆನಪಿಟ್ಟುಕೊಂಡಂತೆ, ಅಲ್ಲಿ ಬೆರಳಿನ ನೆನಪೇ ಆಟಗಾರನನ್ನು ಕಾಯಬೇಕು.

ಬಾವಿಯ ಮಂಕರಿ

ಇಷ್ಟರಲ್ಲಿ ಬಹಳಷ್ಟು ಬೇರೆ ಆಟಗಳಲ್ಲೂ ಇತ್ತು. ಗುರುತ್ವ, ಇಂಧನ, ತಿರುಗುವ ಹಡಗು ಇವೆಲ್ಲ ಅಟಾರಿ ಕಂಪನಿಯ ‘ಗ್ರಾವಿಟಾರ್’ ಎಂಬ 1982ರ ಆಟದಲ್ಲೇ ಬಂದಿದ್ದವು. ಥ್ರಸ್ಟ್ ಆ ಆಟದಿಂದ ಪಡೆದದ್ದು ಸಾಕಷ್ಟಿದೆ. ಆದರೆ ಜೆರೆಮಿ ಸ್ಮಿತ್ ಅದಕ್ಕೆ ಒಂದು ಸಂಗತಿ ಸೇರಿಸಿದರು: ಹೊರೆ.

ನೆಲದಾಳದಲ್ಲಿರುವ ಗೋಲದ ಮೇಲೆ ಹಡಗು ನಿಲ್ಲಿಸಿ ಐದನೆಯ ಗುಂಡಿ ಒತ್ತಿದರೆ, ಹಡಗಿಗೂ ಗೋಲಕ್ಕೂ ನಡುವೆ ಒಂದು ಗೆರೆ ಬೀಳುತ್ತದೆ. ಮೇಲಕ್ಕೆ ಎದ್ದರೆ ಗೋಲವೂ ಎದ್ದು ಬರುತ್ತದೆ. ಆ ಕ್ಷಣದಿಂದ ಇಡೀ ಆಟದ ಗುಣವೇ ಬದಲು. ಅಲ್ಲಿಯ ತನಕ ಗುಬ್ಬಿಯಂತೆ ಹಾರುತ್ತಿದ್ದ ಹಡಗು ತುಂಬಿದ ಗಾಡಿಗೆ ಹೂಡಿದ ಎತ್ತಿನಂತಾಗುತ್ತದೆ. ಎಂಜಿನ್ ಉರಿಸಿದರೆ ಮೊದಲಿನಷ್ಟು ಚುರುಕಾಗಿ ಏಳುವುದಿಲ್ಲ. ಎಡಕ್ಕೆ ಹೋದರೆ ಗೋಲ ಬಲಕ್ಕೆ ತೂಗುತ್ತದೆ, ತೂಗಿದ ಗೋಲ ತಿರುಗಿ ಹಡಗನ್ನೇ ತನ್ನ ಕಡೆಗೆ ಎಳೆಯುತ್ತದೆ. ಹಡಗು ತಾಗಿದರೂ ನಾಶ, ಗೋಲ ಗೋಡೆಗೆ ತಾಗಿದರೂ ನಾಶ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ, ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶ ಹಾಕಿ ಇದನ್ನು ತೋರಿಸಿದಾಗ ನನಗೆ ಮೊದಲು ನೆನಪಾದದ್ದು ಬಾವಿ ತೋಡುವ ಕೆಲಸ. ನಮ್ಮ ಕಡೆ ಬೋರ್‌ವೆಲ್ ಬರುವ ಮುಂಚೆ ತೋಡುತ್ತಿದ್ದುದು ತೆರೆದ ಬಾವಿಗಳನ್ನೇ. ಕೆಳಗೆ ಅಗೆಯುವವರು ಮಂಕರಿಗೆ ಮಣ್ಣು, ಕಲ್ಲು ತುಂಬುತ್ತಾರೆ. ಮೇಲಿನವರು ಹಗ್ಗ ಎಳೆಯುತ್ತಾರೆ. ಹೊಸಬ ಹುಡುಗ ಅವಸರಪಟ್ಟು ಜಗ್ಗಿ ಎಳೆದನೋ, ಮಂಕರಿ ತೂಗಾಡಿ ಬಾವಿಯ ಗೋಡೆಗೆ ಬಡಿಯುತ್ತದೆ, ಕಲ್ಲು ಕೆಳಗಿದ್ದವರ ತಲೆಯ ಮೇಲೆ. ಅದಕ್ಕೇ ಹಿರಿಯರು ‘ತಡಿಯಪ್ಪಾ, ತೂಗಾಟ ನಿಲ್ಲಲಿ, ಆಮೇಲೆ ಎಳಿ’ ಅನ್ನೋರು. ಎಳೆಯುವವನ ರಟ್ಟೆಯ ಬಲಕ್ಕಿಂತ ಅವನ ತಾಳ್ಮೆಗೆ ಹೆಚ್ಚು ಬೆಲೆ. ಥ್ರಸ್ಟ್ ಆಟದ ಕಸುಬೂ ಅಷ್ಟೆ. ಗುಂಡು ಹೊಡೆಯುವ ಆಟ ಎಂದು ಶುರುಮಾಡಿದವನು ಹೊರೆ ಎತ್ತುವ ಹೊತ್ತಿಗೆ ಗುಂಡನ್ನು ಮರೆತು ಉಸಿರು ಬಿಗಿಹಿಡಿದು ಕೂರುತ್ತಾನೆ.

ಇದರಲ್ಲಿ ನನ್ನಂಥ ಪದ್ಯ ಕಟ್ಟುವವನಿಗೂ ಒಂದು ಮಾತಿದೆ. ಹೊತ್ತವನು ಹೊರೆಯನ್ನು ಎಳೆಯುತ್ತಾನೆ, ಹೊರೆಯೂ ಹೊತ್ತವನನ್ನು ಎಳೆಯುತ್ತದೆ. ಗಡಿಯಲ್ಲಿ ತಾಯಿಭಾಷೆಯನ್ನು ಹಿಂದೆ ಕಟ್ಟಿಕೊಂಡು ಬೇರೊಂದು ಭಾಷೆಯ ಶಾಲೆ, ಕಚೇರಿ, ಮಾರುಕಟ್ಟೆಗಳ ಇಕ್ಕಟ್ಟಿನಲ್ಲಿ ಸಾಗುವವರಿಗೆ ಈ ತೂಗಾಟ ಹೊಸದಲ್ಲ. ಕಟ್ಟಿದ ಹಗ್ಗ ಕತ್ತರಿಸಿಬಿಟ್ಟರೆ ಹಡಗು ಹಗುರವಾಗಿ ಹಾರುತ್ತದೆ, ನಿಜ. ಆದರೆ ಬಂದದ್ದೇ ಆ ಹೊರೆಗಾಗಿ ಅಲ್ಲವೇ?

ಹಾಸಿಗೆ ಇದ್ದಷ್ಟೇ ಕಾಲು

ಬಿಬಿಸಿ ಮೈಕ್ರೋ ಯಂತ್ರದ ನೆನಪಿನ ಸಾಮರ್ಥ್ಯ 32 ಕಿಲೋಬೈಟ್. ಇದು ಎಷ್ಟು ಸಣ್ಣದು ಎಂದು ಹೇಗೆ ಹೇಳಲಿ? ನೀವು ಓದುತ್ತಿರುವ ಈ ಲೇಖನವನ್ನು ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಟೈಪು ಮಾಡಿದರೆ, ಇದೊಂದೇ ಆ ಯಂತ್ರದ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಪರದೆಯ ಚಿತ್ರಕ್ಕೂ ಜಾಗ ಬೇಕು. ಚಿತ್ರ ಬಿಡಿಸುವ ವಿಧಾನಕ್ಕೆ ತಕ್ಕಂತೆ ಹತ್ತರಿಂದ ಇಪ್ಪತ್ತು ಕಿಲೋಬೈಟನ್ನು ಪರದೆಯೇ ತಿಂದುಬಿಡುತ್ತಿತ್ತು. ಉಳಿದದ್ದರಲ್ಲಿ ಗ್ರಹಗಳು, ತುಪಾಕಿಗಳು, ಸದ್ದು, ಗುರುತ್ವದ ಲೆಕ್ಕ ಎಲ್ಲವೂ ಹಿಡಿಸಬೇಕು.

ಲೆಕ್ಕ ಅಂದೆನಲ್ಲ, ಅದೂ ಸುಲಭದ್ದಲ್ಲ. ಆ ಯಂತ್ರದ ಮಿದುಳು 6502 ಎಂಬ ಚಿಪ್ಪು. ಅದಕ್ಕೆ ಕೂಡುವುದು ಗೊತ್ತು, ಕಳೆಯುವುದು ಗೊತ್ತು. ಗುಣಾಕಾರ, ಭಾಗಾಕಾರದ ಆಜ್ಞೆಗಳೇ ಅದರಲ್ಲಿಲ್ಲ. ತೂಗುವ ಹೊರೆಯ ಲೆಕ್ಕ ಹಾಕಲು ಕೋನಗಳ ಗಣಿತ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮನ್ನು ಕಾಡಿದ ಸೈನ್, ಕೊಸೈನ್ ಅದೇ. ಇಂಥ ಚಿಪ್ಪಿನಲ್ಲಿ ಪ್ರೋಗ್ರಾಂ ಬರೆಯುವವರು ಆ ಬೆಲೆಗಳನ್ನೆಲ್ಲ ಮೊದಲೇ ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿ ನೆನಪಿನಲ್ಲಿ ಇಡುತ್ತಿದ್ದರು. ಮಗ್ಗಿ ಬಾಯಿಪಾಠ ಇರುವ ಮುದುಕ ಸಂತೆಯಲ್ಲಿ ಕಾಗದ ಪೆನ್ಸಿಲ್ಲು ಇಲ್ಲದೆ ಲೆಕ್ಕ ಹೇಳುತ್ತಾನಲ್ಲ, ಹಾಗೆ.

ಯಂತ್ರ ಮಾಡುವುದು ಇಷ್ಟು. ಹಡಗು ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ಆ ವೇಗಕ್ಕೆ ಗುರುತ್ವದ ಒಂದು ಚೂರನ್ನು ಕೆಳಮುಖವಾಗಿ ಸೇರಿಸುತ್ತದೆ. ಎಂಜಿನ್ ಉರಿಯುತ್ತಿದ್ದರೆ ಮೂತಿ ನೋಡುವ ದಿಕ್ಕಿಗೆ ಇನ್ನೊಂದು ಚೂರು. ಬ್ರೇಕು ಇಲ್ಲ. ನಿಲ್ಲಬೇಕಾದರೆ ಮೂತಿಯನ್ನು ಹಿಂದಕ್ಕೆ ತಿರುಗಿಸಿ ಎದುರು ಉರಿಸಬೇಕು. ನ್ಯೂಟನ್ ಮಹಾಶಯ 1687ರಲ್ಲಿ ಗ್ರಂಥ ಬರೆದು ಹೇಳಿದ್ದನ್ನು, 1986ರ ಹುಡುಗ ಹುಡುಗಿಯರು ಎರಡು ಪೌಂಡು ಕೊಟ್ಟು ಬೆರಳ ತುದಿಯಲ್ಲಿ ಕಲಿತರು. ಯಾವ ಮೇಷ್ಟರೂ ಬೆತ್ತ ಹಿಡಿಯಲಿಲ್ಲ.

ಕಮೊಡೋರ್ ಯಂತ್ರದ ಥ್ರಸ್ಟ್‌ಗೆ ರಾಬ್ ಹಬ್ಬರ್ಡ್ ಎಂಬ ಇಂಗ್ಲಿಷ್ ಸಂಗೀತಗಾರರು ಶುರುವಿನ ಸಂಗೀತ ಕೂಡಿಸಿದರು. ಆ ಯಂತ್ರದ ಸದ್ದಿನ ಚಿಪ್ಪಿಗೆ ಇದ್ದದ್ದು ಮೂರೇ ದನಿ. ಮೂರು ದನಿಯಲ್ಲಿ ಮೇಳ ಕಟ್ಟಬೇಕು. ನಮ್ಮ ಸರ್ವಜ್ಞ ಮೂರು ಸಾಲಿನ ತ್ರಿಪದಿಯಲ್ಲಿ, ತೆಲುಗಿನ ವೇಮನ ನಾಲ್ಕು ಸಾಲಿನ ಆಟವೆಲದಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದರು. ಸಾಲು ಸಾಲದು ಎಂದು ಇಬ್ಬರೂ ಗೊಣಗಿದವರಲ್ಲ. ಜಾಗ ಕಡಿಮೆ ಇದ್ದಾಗ ಬೇಡದ್ದು ತಾನಾಗಿ ಉದುರುತ್ತದೆ, ಬೇಕಾದದ್ದಕ್ಕೆ ತೂಕ ಬರುತ್ತದೆ. ಥ್ರಸ್ಟ್ ಆಟದಲ್ಲಿ ಉಳಿದದ್ದು ಒಂದೇ ಸಂಗತಿ, ಭಾರ. ಬಣ್ಣ, ಬೆಡಗು, ಮಾತು ಯಾವುದೂ ಇಲ್ಲದೆ ಬರೀ ಭಾರದಿಂದಲೇ ಅದು ಇವತ್ತಿಗೂ ನಿಂತಿದೆ.

ಜೆರೆಮಿ ಸ್ಮಿತ್ ಮುಂದೆ ಪೀಟರ್ ಇರ್ವಿನ್ ಎಂಬುವರ ಜೊತೆ ಸೇರಿ 1988ರಲ್ಲಿ ‘ಎಕ್ಸೈಲ್’ ಎಂಬ ಇನ್ನೂ ದೊಡ್ಡ ಆಟ ಮಾಡಿದರು. ಅದೇ 32 ಕಿಲೋಬೈಟಿನಲ್ಲಿ ಗಾಳಿ, ನೀರು, ಭಾರ, ಅಲೆದಾಡುವ ಪ್ರಾಣಿಗಳು ಇರುವ ಒಂದು ಪಾತಾಳಲೋಕವನ್ನೇ ಅವರು ಕಟ್ಟಿದರು. ಆಮೇಲೆ ಕೆಲವೇ ವರ್ಷಗಳಲ್ಲಿ ಸ್ಮಿತ್ ಒಂದು ಅಪಘಾತದಲ್ಲಿ ತೀರಿಕೊಂಡರು. ಎರಡು ಆಟಗಳಿಂದಲೇ ಆ ಹೆಸರನ್ನು ಜನ ಇನ್ನೂ ನೆನೆಯುತ್ತಾರೆ. ಅವರ ನಂತರವೂ ಅಭಿಮಾನಿಗಳು ಥ್ರಸ್ಟ್ ಆಟವನ್ನು ಅಟಾರಿ 2600, ವೆಕ್ಟ್ರೆಕ್ಸ್ ಮೊದಲಾದ ಹಳೆಯ ಯಂತ್ರಗಳಿಗೆ ಹೊಸದಾಗಿ ಬರೆದು ಕೂಡಿಸಿದ್ದಾರೆ.

ಆ ಯಂತ್ರ ನಮ್ಮ ದೇಶಕ್ಕೂ ಬಂದಿತ್ತು

ಇದೆಲ್ಲ ದೂರದ ಇಂಗ್ಲೆಂಡಿನ ಮಾತು ಅಂದುಕೊಳ್ಳಬೇಡಿ. ಥ್ರಸ್ಟ್ ಹುಟ್ಟಿದ ಬಿಬಿಸಿ ಮೈಕ್ರೋ ಯಂತ್ರವೇ ಭಾರತದ ಶಾಲೆಗಳಿಗೂ ಬಂದಿತ್ತು. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಯೋಜನೆ ಆರಂಭಿಸಿತು. ಮೊದಲಿಗೆ ಸುಮಾರು 250 ಶಾಲೆಗಳು. ಅದಕ್ಕೆ ಆರಿಸಿದ್ದು ಬಿಬಿಸಿ ಮೈಕ್ರೋ. ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರಿ ಕಂಪನಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಪರವಾನಗಿ ಪಡೆದು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಅದೇ ಯಂತ್ರವನ್ನು ಇಲ್ಲಿಯೂ ತಯಾರಿಸಿತು. ಸ್ಪೆಕ್ಟ್ರಮ್ ಕೂಡ ಪರವಾನಗಿಯ ಮೇಲೆ ನಮ್ಮ ದೇಶದಲ್ಲಿ ತಯಾರಾಗಿ ಮಾರಾಟವಾಯಿತು. ಅಂದರೆ ಜೆರೆಮಿ ಸ್ಮಿತ್ ಕೈಯಲ್ಲಿದ್ದ ಉಳಿ, ಸುತ್ತಿಗೆಯೇ ನಮ್ಮ ಕೆಲವು ಮಕ್ಕಳ ಕೈಗೂ ಬಂದಿದ್ದವು.

ಆ ಕೆಲವು ಮಕ್ಕಳಲ್ಲಿ ಹಳ್ಳಿಯವರು ಎಷ್ಟು ಮಂದಿ ಇದ್ದಾರು ಎಂದು ಯೋಚಿಸಿ. 250 ಶಾಲೆ ಇಷ್ಟು ದೊಡ್ಡ ದೇಶಕ್ಕೆ! ಜೊತೆಗೆ ಭಾಷೆಯ ಗೋಡೆ ಬೇರೆ. ಬೇಸಿಕ್ ಎಂಬ ಭಾಷೆಯಲ್ಲಿ ಯಂತ್ರಕ್ಕೆ ಆಜ್ಞೆ ಕೊಡಬೇಕು. ಅದರ ಪದಗಳೆಲ್ಲ ಇಂಗ್ಲಿಷು. ಪರದೆಯ ಮೇಲಿನ ಅಕ್ಷರಗಳೂ ಅಷ್ಟೆ. ಒಂದು ಅಕ್ಷರಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಅಷ್ಟು ಜಾಗದಲ್ಲಿ ಇಂಗ್ಲಿಷಿನ ಅಕ್ಷರ ಆರಾಮವಾಗಿ ಕೂರುತ್ತದೆ. ನಮ್ಮ ‘ಸ್ತ್ರೀ’ ಎಂಬ ಒಂದು ಅಕ್ಷರ ಕೂರಬೇಕಾದರೆ ಒತ್ತು, ಕ್ರಾವಡಿ, ದೀರ್ಘ ಎಲ್ಲವೂ ಹೊರಗೆ ನಿಲ್ಲಬೇಕಾಗುತ್ತದೆ. ಆದರೂ ಆ ಯಂತ್ರದಲ್ಲಿ ಒಂದು ಕಿಂಡಿ ಇತ್ತು. ಎಂಟು ಸಂಖ್ಯೆ ಕೊಟ್ಟರೆ ಅದು ನಿಮ್ಮ ಇಷ್ಟದ ಚುಕ್ಕೆಗಳ ಅಕ್ಷರವನ್ನು ಬಿಡಿಸುತ್ತಿತ್ತು. ‘ರ’, ‘ಗ’, ‘ದ’ದಂಥ ಅಕ್ಷರಗಳನ್ನು ಹಾಗೆ ಮೂಡಿಸಬಹುದಿತ್ತು. ಕಿಂಡಿ ಸಣ್ಣದು, ಆದರೆ ಬೆಳಕು ಬರುವಷ್ಟು ಇತ್ತು.

ಫಿನ್ನರು ಮಾಡಿದ್ದು

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಥ್ರಸ್ಟ್ ಹಾಗೂ ಅದರ ದಾಯಾದಿ ಆಟಗಳು ಯುರೋಪಿನಲ್ಲೆಲ್ಲ ಹರಡಿದವು. ಅವನ್ನು ಹೆಚ್ಚು ಹಚ್ಚಿಕೊಂಡವರು ಫಿನ್ಲೆಂಡಿನ ಹುಡುಗರು. ಫಿನ್ಲೆಂಡ್ ಅಂದರೆ ಯುರೋಪಿನ ಬಡಗಣ ಮೂಲೆಯಲ್ಲಿ, ಚಳಿಗಾಲದಲ್ಲಿ ಹಗಲೇ ಅಪರೂಪವಾಗುವ ನಾಡು. ಒಟ್ಟು ಜನಸಂಖ್ಯೆ ಸುಮಾರು 55 ಲಕ್ಷ. ಅವರ ಫಿನ್ನಿಷ್ ಭಾಷೆಗೆ ನೆರೆಯ ಸ್ವೀಡಿಷ್, ರಷ್ಯನ್ ಭಾಷೆಗಳ ಜೊತೆ ರಕ್ತಸಂಬಂಧವೂ ಇಲ್ಲ.

ಆ ಹುಡುಗರು ಆಡುವುದರಲ್ಲೇ ತೃಪ್ತರಾಗಲಿಲ್ಲ. 1990ರ ದಶಕದಲ್ಲಿ ಅಮಿಗಾ ಯಂತ್ರಗಳಿಗೆ, ಆಮೇಲೆ ಪೀಸಿಗಳಿಗೆ, ತಮ್ಮ ತಮ್ಮ ಮನೆಯಲ್ಲೇ ಕೂತು ಇಂಥ ಆಟಗಳನ್ನು ಬರೆದರು. ಒಬ್ಬನೇ ಆಡುವ ಆಟವನ್ನು ಗೆಳೆಯರು ಒಂದೇ ಪರದೆಯ ಮುಂದೆ ಕೂತು ಪರಸ್ಪರ ಕಾದಾಡುವ ಆಟವಾಗಿ ಬದಲಿಸಿದರು. ‘ಟರ್ಬೋರಾಕೆಟ್ಟಿ’ ಅಂಥ ಒಂದು ಆಟ. ರಾಕೆಟ್ಟಿ ಅಂದರೆ ಫಿನ್ನಿಷ್ ಭಾಷೆಯಲ್ಲಿ ರಾಕೆಟ್. ಆಟಕ್ಕೆ ತಮ್ಮ ಭಾಷೆಯ ಹೆಸರಿಟ್ಟರು ನೋಡಿ! ಅಷ್ಟೇ ಅಲ್ಲ, ಈ ಬಗೆಯ ಆಟಗಳಿಗೆಲ್ಲ ಒಟ್ಟಾಗಿ ಅವರ ಭಾಷೆಯಲ್ಲಿ ಒಂದು ಪದವೇ ಇದೆ. ಅದರ ಅರ್ಥ ‘ಗುಹೆಯಲ್ಲಿ ಹಾರಾಡುವುದು’.

ಪದ ಹುಟ್ಟುವುದು ಕೆಲಸ ಮಾಡುವವರ ಬಾಯಲ್ಲಿ. ಮಂಕರಿ, ಮಿಣಿ, ಕಪಿಲೆ ಈ ಪದಗಳನ್ನು ಯಾವ ಪಂಡಿತರೂ ಕೂತು ಟಂಕಿಸಲಿಲ್ಲ. ಬಾವಿ ತೋಡಿದವರು, ನೀರು ಹೊಡೆದವರು ಕೊಟ್ಟರು. ಬಾವಿ ಹೋಯಿತು, ಕಪಿಲೆ ಹೋಯಿತು, ಅವುಗಳ ಜೊತೆ ಪದಗಳೂ ಹೊರಟು ನಿಂತಿವೆ. ಹೊಸ ಕೆಲಸಗಳು ಬಂದಿವೆ, ಆದರೆ ಅವುಗಳಿಗೆ ಪದ ಕೊಡುವ ಜನ ನಾವಾಗಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಫಿನ್ಲೆಂಡಿನ ಏಳೆಂಟು ಪಟ್ಟು. ಆದರೂ ಈ ಗುಹೆಯಲ್ಲಿ ಹಾರುವ ಆಟಕ್ಕೆ ನಮ್ಮ ಬಾಯಲ್ಲಿ ಪದವಿಲ್ಲ. ನಮ್ಮ ಹುಡುಗರು ಅದನ್ನು ಕಟ್ಟಿಲ್ಲ, ಅದಕ್ಕೇ ಹೆಸರೂ ಇಲ್ಲ.

ಗಡಿಯ ಮಕ್ಕಳ ಕೈಗೆ

ಅಮರಾಪುರ, ರೊಳ್ಳ, ಗುಡಿಬಂಡೆ ಕಡೆಯ ಊರುಗಳಲ್ಲಿ ಸಂಜೆ ಹೊತ್ತು ಕಟ್ಟೆಯ ಮೇಲೆ ನೋಡಿ. ಮನೆಯಲ್ಲಿ ಕನ್ನಡ ಆಡುವ, ಅಂಗಡಿಯಲ್ಲಿ ತೆಲುಗು ಆಡುವ ಮಕ್ಕಳು ಮೊಬೈಲು ಹಿಡಿದು ಇಂಗ್ಲಿಷಿನ ಆಟ ಆಡುತ್ತಿರುತ್ತಾರೆ. ಹಾಳಾದರು ಎಂದು ಬಯ್ಯುವ ಹಿರಿಯರುಂಟು. ನಾನು ಬಯ್ಯುವುದಿಲ್ಲ. ನಾವು ಗೋಲಿ, ಬುಗುರಿ, ಚಿನ್ನಿದಾಂಡು ಆಡಿದೆವು. ಅವರಿಗೆ ಇದು ಸಿಕ್ಕಿದೆ. ಆದರೆ ಒಂದು ವ್ಯತ್ಯಾಸ ಇದೆ. ಬುಗುರಿಯನ್ನು ಕೆತ್ತುವ ಬಡಗಿ ನಮ್ಮೂರಲ್ಲೇ ಇದ್ದ, ಚಿನ್ನಿಯನ್ನು ನಾವೇ ಕೆತ್ತಿಕೊಳ್ಳುತ್ತಿದ್ದೆವು. ಮೊಬೈಲಿನ ಆಟ ಎಲ್ಲಿ, ಯಾರು, ಹೇಗೆ ಕೆತ್ತಿದರು ಎಂಬುದು ಆ ಮಕ್ಕಳಿಗೆ ಕಾಣುವುದೇ ಇಲ್ಲ. ಅದು ಮನುಷ್ಯರು ಮಾಡಿದ್ದು ಎಂದೇ ಅವರಿಗೆ ತೋರುವುದಿಲ್ಲ. ದೊಡ್ಡ ಊರಿನ ದೊಡ್ಡ ಕಂಪನಿ ಮಾಡಬೇಕಾದ್ದು, ನಾವು ಆಡಬೇಕಾದ್ದು ಎಂಬ ಒಂದು ನಂಬಿಕೆ ಅಷ್ಟು ಎಳವೆಯಲ್ಲೇ ಕೂತುಬಿಡುತ್ತದೆ. ಗಡಿಯಲ್ಲಿ ಬೆಳೆದ ಮಕ್ಕಳಿಗೆ ಆ ನಂಬಿಕೆ ಎರಡು ಪಟ್ಟು ಕೆಟ್ಟದ್ದು. ಯಾಕೆಂದರೆ ನೀವು ಅಂಚಿನವರು, ನಿಮ್ಮದೇನಿದ್ದರೂ ಕೊನೆಯ ಸಾಲು ಎಂದು ಉಳಿದವರೆಲ್ಲ ಅವರಿಗೆ ಮೊದಲೇ ಹೇಳಿರುತ್ತಾರೆ.

ಅಂಥ ಮಕ್ಕಳಿಗೆ ತೋರಿಸಬೇಕಾದ ಆಟ ಥ್ರಸ್ಟ್. ಒಂದು ತ್ರಿಕೋನ, ನಾಲ್ಕು ಗೆರೆ, ಒಂದು ಗೋಲ. ಮೊದಲು ಮಾಡಿದ್ದು ಒಬ್ಬ. ಅವರ ಕೈಲಿದ್ದ ಯಂತ್ರದ ನೆನಪು 32 ಕಿಲೋಬೈಟ್. ಇವತ್ತು ಸಂತೆಯಲ್ಲಿ ಸಿಗುವ ಅತಿ ಅಗ್ಗದ ಸ್ಮಾರ್ಟ್‌ಫೋನಿನ ನೆನಪು ಅದರ ಮೂವತ್ತು ಸಾವಿರ ಪಟ್ಟಿಗೂ ಮಿಗಿಲು. 2007ರಿಂದ ‘ಸ್ಕ್ರಾಚ್’ನಂಥ ಉಚಿತ ಸಾಧನಗಳಿವೆ, ಬಣ್ಣದ ತುಂಡುಗಳನ್ನು ಜೋಡಿಸಿ ಮಕ್ಕಳೇ ಆಟ ಕಟ್ಟಬಹುದು. ತೂಗುವ ಹೊರೆಯೊಂದನ್ನು ಅದರಲ್ಲಿ ಮೂಡಿಸುವುದು ಒಂಬತ್ತನೇ ಕ್ಲಾಸಿನ ಬುದ್ಧಿವಂತ ಮಗುವಿಗೆ ಆಗದ ಕೆಲಸವಲ್ಲ. ಹಡಗಿನ ಬದಲು ಅಲ್ಲಿ ಜೋಡೆತ್ತು ಇರಲಿ, ಗೋಲದ ಬದಲು ಕಪಿಲೆಯ ಬಾನೆ ಇರಲಿ, ಗುಹೆಯ ಬದಲು ನಮ್ಮ ಬತ್ತಿದ ಬಾವಿಯೇ ಇರಲಿ. ಒಂದು ತೊಟ್ಟು ಚೆಲ್ಲದೆ ನೀರು ಮೇಲೆ ತಂದವನೇ ಗೆದ್ದವನು. ಇಂಧನದ ಜಾಗದಲ್ಲಿ ಎತ್ತಿನ ದಣಿವು. ಹೆಸರು ಕನ್ನಡದಲ್ಲಿ ಇಟ್ಟರೂ ಸರಿ, ತೆಲುಗಿನಲ್ಲಿ ಇಟ್ಟರೂ ಸರಿ. ನಮ್ಮಲ್ಲಿ ಎರಡೂ ಇವೆ, ಎರಡೂ ಇಡಲಿ.

ಕನ್ನಡ ಸಂಘಗಳು, ಗಡಿ ಅಭಿವೃದ್ಧಿಯ ಹೊಣೆ ಹೊತ್ತವರು ನಮ್ಮ ಶಾಲೆಗಳಿಗೆ ಬಂದಾಗ ಹಾರ ಹಾಕಿಸಿಕೊಂಡು, ಪುಸ್ತಕ ಹಂಚಿ, ನಾಡಗೀತೆ ಹಾಡಿಸಿ ಹೋಗುತ್ತಾರೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ನಾಲ್ಕು ಹಳೆಯ ಕಂಪ್ಯೂಟರು, ಬೇಸಿಗೆ ರಜೆಯಲ್ಲಿ ಹದಿನೈದು ದಿನ ಕೂತು ಕನ್ನಡದಲ್ಲಿ ಕಲಿಸುವ ಒಬ್ಬ ಹುಡುಗ ಅಥವಾ ಹುಡುಗಿ ಸಿಕ್ಕರೆ ಸಾಕು. ದೊಡ್ಡ ದುಡ್ಡಿನ ಮಾತಲ್ಲ ಇದು. ಇಂಗ್ಲೆಂಡಿನಲ್ಲಿ ಎರಡು ಪೌಂಡಿಗೆ ಒಂದು ತಲೆಮಾರಿನ ಮಕ್ಕಳ ಕೈಗೆ ನ್ಯೂಟನ್ನನನ್ನು ಕೊಟ್ಟರು. ನಾವು ಒಂದು ಸಭೆಯ ಶಾಮಿಯಾನದ ಖರ್ಚಿನಲ್ಲಿ ನಮ್ಮ ಮಕ್ಕಳ ಕೈಗೆ ಉಳಿ ಸುತ್ತಿಗೆ ಕೊಡಲಾರೆವೇ?

ಭಾಷೆ ಉಳಿಯುವುದು ಅದನ್ನು ಆಡುವವರಿಂದ ಎನ್ನುತ್ತಾರೆ. ಆಡುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ: ನುಡಿಯುವುದು ಒಂದು, ಆಟ ಆಡುವುದು ಇನ್ನೊಂದು. ಎರಡೂ ಅರ್ಥದಲ್ಲಿ ನಮ್ಮ ಮಕ್ಕಳು ಕನ್ನಡವನ್ನು ಆಡುವ ದಿನ ಬಂದರೆ ಗಡಿಯ ಹೊರೆ ಅಷ್ಟು ತೂಗಾಡಲಿಕ್ಕಿಲ್ಲ.